ಕಲಾವಿದನ ಬೆನ್ನಿಗೆ ನಿಂತವರು

ಬಣ್ಣ, ಕುಂಚ, ಕ್ಯಾನ್ವಾಸು ಇವಿಷ್ಟೇ ಕಲೆಯ ಸಾಮಗ್ರಿ ಎಂದು ನಂಬಿದವರಿಗೆ ಸ್ಟೀವ್ ಕರ್ಟ್ಜ್ ಅವರ ಕೆಲಸ ವಿಚಿತ್ರವಾಗಿ ಕಾಣುತ್ತದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ಕಲೆಯ ಅಧ್ಯಾಪಕರಾಗಿದ್ದ ಅವರು ಗಾಜಿನ ತಟ್ಟೆ, ಪ್ರಯೋಗಾಲಯದ ಉಪಕರಣ, ಬ್ಯಾಕ್ಟೀರಿಯಾಗಳನ್ನು ಇಟ್ಟುಕೊಂಡು ಕಲಾಕೃತಿಗಳನ್ನು ರೂಪಿಸುತ್ತಿದ್ದರು. 1987ರಲ್ಲಿ ಫ್ಲಾರಿಡಾದಲ್ಲಿ ಗೆಳೆಯರ ಜತೆ ಅವರು ಹುಟ್ಟುಹಾಕಿದ ‘ಕ್ರಿಟಿಕಲ್ ಆರ್ಟ್ ಎನ್ಸೆಂಬಲ್’ ತಂಡದ ಉದ್ದೇಶ ಸರಳವಾದದ್ದು: ವಿಜ್ಞಾನದ ಹೆಸರಿನಲ್ಲಿ ಜನರ ಬದುಕಿನೊಳಗೆ ಏನೇನು ಬರುತ್ತಿದೆಯೋ ಅದನ್ನು ಜನರೇ ಕಣ್ಣಾರೆ ಕಂಡು ಪ್ರಶ್ನಿಸುವಂತಾಗಬೇಕು. ಪ್ರೇಕ್ಷಕರು ಅಂಗಡಿಯಿಂದ ತಂದ ಆಹಾರದಲ್ಲಿ ಕುಲಾಂತರಿ ಧಾನ್ಯ ಬೆರೆತಿದೆಯೇ ಎಂದು ಅಲ್ಲಿಯೇ ಪರೀಕ್ಷಿಸಿ ತೋರಿಸುವುದು ಅವರ ಒಂದು ಕಲಾಕೃತಿ.

ಇಂಥ ಕಲೆ ತಮ್ಮನ್ನು ನ್ಯಾಯಾಲಯದ ಕಟಕಟೆಗೆ ತಂದು ನಿಲ್ಲಿಸೀತೆಂದು ಅವರು ಎಣಿಸಿರಲಿಲ್ಲ.

ಸಾವಿನ ಮನೆಗೆ ಪೊಲೀಸರು

2004ರ ಮೇ 11ರಂದು ಕರ್ಟ್ಜ್ ನಿದ್ದೆಯಿಂದ ಎದ್ದಾಗ ಪಕ್ಕದಲ್ಲಿದ್ದ ಪತ್ನಿ ಹೋಪ್ ಉಸಿರಾಡುತ್ತಿರಲಿಲ್ಲ. ಹೃದಯ ವೈಫಲ್ಯದಿಂದ ಅವರು ತೀರಿಕೊಂಡಿದ್ದರು. ವಯಸ್ಸು 45. ಅವರೂ ತಂಡದ ಸದಸ್ಯೆಯೇ. ಕರ್ಟ್ಜ್ ತುರ್ತು ಸಹಾಯಕ್ಕೆ ಫೋನ್ ಮಾಡಿದರು. ಬಂದ ಪೊಲೀಸರ ಕಣ್ಣಿಗೆ ಬಿದ್ದದ್ದು ಗಾಜಿನ ತಟ್ಟೆಗಳು ಮತ್ತು ಪ್ರಯೋಗಾಲಯದ ಸಾಮಾನು. ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿ, ಅಂಚೆಯಲ್ಲಿ ಆಂಥ್ರಾಕ್ಸ್ ಪುಡಿ ಬಂದು ಮೂರು ವರ್ಷವೂ ಆಗಿರಲಿಲ್ಲ. ಸುದ್ದಿ ಎಫ್‌ಬಿಐಗೆ ಹೋಯಿತು. ಮೈತುಂಬ ರಕ್ಷಾಕವಚ ತೊಟ್ಟವರು ಮನೆಯನ್ನು ಸುತ್ತುವರಿದರು. ಪತ್ನಿಯ ಶೋಕದಲ್ಲಿದ್ದ ಮನುಷ್ಯನನ್ನು 22 ಗಂಟೆ ತಡೆದಿಟ್ಟು ಪ್ರಶ್ನಿಸಲಾಯಿತು. ಕಂಪ್ಯೂಟರು, ಪುಸ್ತಕ, ಹಸ್ತಪ್ರತಿ, ಉಪಕರಣ ಎಲ್ಲವೂ ಅಧಿಕಾರಿಗಳ ವಶವಾದವು. ಹೋಪ್ ಅವರ ಶವವೂ ತಕ್ಷಣ ಸಿಗಲಿಲ್ಲ.

ಮನೆಯಲ್ಲಿ ಸಿಕ್ಕದ್ದು ‘ಸೆರಾಷಿಯಾ ಮಾರ್ಸೆಸೆನ್ಸ್’ ಮತ್ತು ‘ಬ್ಯಾಸಿಲಸ್ ಗ್ಲೋಬಿಜೈ’ ಎಂಬ ಬ್ಯಾಕ್ಟೀರಿಯಾಗಳು. ಶಾಲಾ ಕಾಲೇಜುಗಳ ಪ್ರಯೋಗಾಲಯಗಳಲ್ಲಿಯೂ ಬಳಕೆಯಾಗುವಂಥವು ಇವು. ಕರ್ಟ್ಜ್ ಇವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. 1950ರಲ್ಲಿ ಅಮೆರಿಕದ ನೌಕಾಪಡೆ ರೋಗಾಣು ಯುದ್ಧದ ಅಣಕು ಪರೀಕ್ಷೆಗೆಂದು ಸ್ಯಾನ್ ಫ್ರಾನ್ಸಿಸ್ಕೋ ನಗರದ ಮೇಲೆ ಗುಟ್ಟಾಗಿ ತೂರಿದ್ದು ಇವೇ ಬ್ಯಾಕ್ಟೀರಿಯಾಗಳನ್ನು. ಆ ಇತಿಹಾಸವನ್ನು ಕುರಿತೇ ಕರ್ಟ್ಜ್ ಪುಸ್ತಕ ಬರೆಯುತ್ತಿದ್ದರು!

ಒಂದು ವಾರದ ನಂತರ ಮನೆಯಲ್ಲಿ ಅಪಾಯಕಾರಿಯಾದ ವಸ್ತುವೇನೂ ಇಲ್ಲವೆಂದು ಆರೋಗ್ಯ ಇಲಾಖೆ ಹೇಳಿತು. ಪ್ರಕರಣ ಅಲ್ಲಿಗೆ ಮುಗಿಯಬೇಕಿತ್ತು; ಮುಗಿಯಲಿಲ್ಲ.

256 ಡಾಲರಿನ ಮೊಕದ್ದಮೆ

ಸರ್ಕಾರ ಮೊದಲು ಜೈವಿಕ ಅಸ್ತ್ರಗಳ ಕಾನೂನಿನಡಿ ತನಿಖೆ ನಡೆಸಿತು. ತಂಡದ ಸದಸ್ಯರಿಗೂ ಸಹೋದ್ಯೋಗಿಗಳಿಗೂ ಸಮನ್ಸ್ ಹೋದವು. ಆದರೆ ಜೂನ್ ಕೊನೆಯಲ್ಲಿ ದೋಷಾರೋಪ ಹೊರಬಿದ್ದಾಗ ಅದರಲ್ಲಿ ಭಯೋತ್ಪಾದನೆಯ ಸೊಲ್ಲೇ ಇರಲಿಲ್ಲ. ಇದ್ದದ್ದು ಅಂಚೆ ಮತ್ತು ತಂತಿ ಮೂಲಕ ವಂಚನೆಯ ಆರೋಪ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ತಳಿವಿಜ್ಞಾನಿ ರಾಬರ್ಟ್ ಫೆರೆಲ್ ತಮ್ಮ ಪ್ರಯೋಗಾಲಯದ ಹೆಸರಿನಲ್ಲಿ 256 ಡಾಲರಿಗೆ ಬ್ಯಾಕ್ಟೀರಿಯಾ ತರಿಸಿ ಕರ್ಟ್ಜ್ ಅವರಿಗೆ ಕೊಟ್ಟಿದ್ದರು. ಮಾರಾಟ ಸಂಸ್ಥೆಯ ಷರತ್ತಿನ ಪ್ರಕಾರ ಹಾಗೆ ಕೈ ಬದಲಾಯಿಸುವಂತಿರಲಿಲ್ಲ. ವ್ಯಾಪಾರದ ಕರಾರಿನ ತಂಟೆಯಂತೆ ಕಾಣುವ ಈ ಸಂಗತಿಗೆ ಗರಿಷ್ಠ 20 ವರ್ಷ ಸೆರೆವಾಸದ ಭೀತಿ ಅಂಟಿಕೊಂಡಿತು.

ಹರಾಜಿಗೆ ಬಂದ ಕಲಾಕೃತಿಗಳು

ಗೆಳೆಯರು ಕೈಕಟ್ಟಿ ಕೂರಲಿಲ್ಲ. ತಂಡದ ರಕ್ಷಣೆಗೆಂದು ನಿಧಿಯೊಂದು ಆರಂಭವಾಯಿತು. 2004ರ ಜೂನ್ 15ರಂದು ಬಫಲೋದಲ್ಲಿ ಜನ ಬೀದಿಗಿಳಿದರು. ಬೇರೆ ನಗರಗಳಲ್ಲೂ ಅದೇ ದಿನ ಪ್ರದರ್ಶನಗಳಾದವು. ಕಲಾವಿದರ ಜತೆ ವಿಜ್ಞಾನಿಗಳೂ ದನಿಗೂಡಿಸಿದ್ದು ವಿಶೇಷ. ನಿರುಪದ್ರವಿ ಜೀವಾಣುಗಳನ್ನು ಒಬ್ಬರಿಂದೊಬ್ಬರು ಪಡೆದುಕೊಳ್ಳುವುದು ಪ್ರಯೋಗಾಲಯಗಳ ದಿನನಿತ್ಯದ ರೂಢಿ. ಅದೇ ಅಪರಾಧವಾದರೆ ನಾಳೆ ತಮ್ಮ ಗತಿಯೇನು ಎಂಬ ಆತಂಕ ಅವರದು.

ವಕೀಲರ ಖರ್ಚು ಏರುತ್ತಲೇ ಇತ್ತು. 2005ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಪೌಲಾ ಕೂಪರ್ ಗ್ಯಾಲರಿಯಲ್ಲಿ ಹರಾಜು ನಡೆಯಿತು. ರಿಚರ್ಡ್ ಸೆರಾ, ಸೋಲ್ ಲೆವಿಟ್, ಸಿಂಡಿ ಶೆರ್ಮನ್, ಹಾನ್ಸ್ ಹಾಕ ಅವರಂಥ ಹೆಸರಾಂತರು ತಮ್ಮ ಕೃತಿಗಳನ್ನು ಉಚಿತವಾಗಿ ಕೊಟ್ಟರು. ಸುಮಾರು 1 ಲಕ್ಷ 67 ಸಾವಿರ ಡಾಲರ್ ಕೂಡಿತು. 2007ರಲ್ಲಿ ಲಿನ್ ಹರ್ಷ್‌ಮನ್ ಲೀಸನ್ ‘ಸ್ಟ್ರೇಂಜ್ ಕಲ್ಚರ್’ ಎಂಬ ಚಿತ್ರ ತೆಗೆದರು. ಮೊಕದ್ದಮೆ ನಡೆಯುತ್ತಿದ್ದುದರಿಂದ ಕರ್ಟ್ಜ್ ಎಲ್ಲವನ್ನೂ ತಾವೇ ಹೇಳುವಂತಿರಲಿಲ್ಲ. ಹಾಗಾಗಿ ನಟರು ಆ ಭಾಗಗಳನ್ನು ಅಭಿನಯಿಸಿದರು. ಹೋಪ್ ಪಾತ್ರ ಟಿಲ್ಡಾ ಸ್ವಿಂಟನ್ ಅವರದು.

ಇಷ್ಟರ ನಡುವೆ ಕೆಲಸವೂ ನಿಲ್ಲಲಿಲ್ಲ. ಪುಸ್ತಕವನ್ನು ತಂಡ ಮತ್ತೆ ಬರೆಯಿತು. ‘ಮಾರ್ಚಿಂಗ್ ಪ್ಲೇಗ್’ ಎಂಬ ಹೆಸರಿನಲ್ಲಿ 2006ರಲ್ಲಿ ಅದು ಹೊರಬಂತು.

ತೀರ್ಪು ಮತ್ತು ತೆತ್ತ ಬೆಲೆ

2008ರ ಏಪ್ರಿಲ್ 21ರಂದು ನ್ಯಾಯಾಧೀಶ ರಿಚರ್ಡ್ ಅರ್ಕಾರಾ ದೋಷಾರೋಪವನ್ನು ವಜಾ ಮಾಡಿದರು. ಸರ್ಕಾರ ಹೇಳಿದ್ದೆಲ್ಲ ನಿಜವೆಂದೇ ಇಟ್ಟುಕೊಂಡರೂ ಅದು ಆ ಅಪರಾಧವಾಗುವುದಿಲ್ಲ ಎಂಬುದು ಅದರ ತಾತ್ಪರ್ಯ. ಸರ್ಕಾರ ಮೇಲ್ಮನವಿ ಸಲ್ಲಿಸಲಿಲ್ಲ.

ಫೆರೆಲ್ ಅವರಿಗೆ ಈ ದಿನ ನೋಡಲು ಕಾಯುವ ಶಕ್ತಿ ಉಳಿದಿರಲಿಲ್ಲ. ಕ್ಯಾನ್ಸರ್ ಮತ್ತು ಪಾರ್ಶ್ವವಾಯುವಿನಿಂದ ಬಳಲುತ್ತಿದ್ದ ಅವರು 2007ರ ಅಕ್ಟೋಬರ್‌ನಲ್ಲಿ ಚಿಕ್ಕದೊಂದು ಅಪರಾಧವನ್ನು ಒಪ್ಪಿಕೊಂಡುಬಿಟ್ಟಿದ್ದರು. 500 ಡಾಲರ್ ದಂಡ ಬಿತ್ತು. ಇನ್ನು ಕೆಲವೇ ತಿಂಗಳು ತಡೆದಿದ್ದರೆ ಅವರೂ ಕಳಂಕವಿಲ್ಲದೆ ಹೊರಬರುತ್ತಿದ್ದರೋ ಏನೋ.

ಮೊಕದ್ದಮೆಯನ್ನು ಗೆದ್ದುಕೊಟ್ಟದ್ದು ಘೋಷಣೆಗಳಲ್ಲ, ಕಾನೂನಿನ ಒಂದು ಅಂಶ ಎಂಬುದು ನಿಜ. ಆದರೆ ಆ ಅಂಶ ನ್ಯಾಯಾಧೀಶರ ಮುಂದೆ ಇತ್ಯರ್ಥವಾಗಲು ನಾಲ್ಕು ವರ್ಷ ಹಿಡಿಯಿತು. ಅಷ್ಟು ಕಾಲ ವಕೀಲರಿಗೆ ಹಣ ಬೇಕು, ನೌಕರಿ ಉಳಿಯಬೇಕು, ಧೈರ್ಯ ಹೇಳಲು ನಾಲ್ಕು ಜನ ಬೇಕು. ಚಿತ್ರ ಕೊಟ್ಟವರು, ಹರಾಜಿನಲ್ಲಿ ಕೊಂಡವರು, ನ್ಯಾಯಾಲಯದ ಮುಂದೆ ಫಲಕ ಹಿಡಿದು ನಿಂತವರು ಕರ್ಟ್ಜ್ ಅವರಿಗೆ ಕೊಟ್ಟದ್ದು ಕಾಯುವ ಈ ಬಲವನ್ನು. ಖುಲಾಸೆಯಾದ ಬೇಸಿಗೆಯಲ್ಲೇ ಬಫಲೋದ ಹಾಲ್‌ವಾಲ್ಸ್ ಕಲಾಕೇಂದ್ರದಲ್ಲಿ ‘ಸೀಸ್ಡ್’ ಎಂಬ ಪ್ರದರ್ಶನ ಏರ್ಪಟ್ಟಿತು. ಶೋಧಕ್ಕೆ ಬಂದ ಅಧಿಕಾರಿಗಳು ತಿಂದು ಎಸೆದುಹೋಗಿದ್ದ ಪಿಜ್ಜಾ ಡಬ್ಬಿಗಳು, ಕಳಚಿ ಬಿಸಾಡಿದ್ದ ರಕ್ಷಾಕವಚಗಳು ಅಲ್ಲಿ ಪ್ರದರ್ಶನಕ್ಕಿದ್ದವು.