ಮೋಟಾರ್ ಎಚ್‌ಪಿ ನೋಡಿ ಗೇರ್‌ಬಾಕ್ಸ್ ಕೊಂಡರೆ ಸಾಕೇ? ಮಿಹಾನ್‌ನ ಬಿಸಿಲು, ಸಕ್ಕರೆ ಕಾರ್ಖಾನೆಯ ಭಾರ ಹೇಳುವ ಲೆಕ್ಕವೇ ಬೇರೆ

ನಾಗ್ಪುರ: ಮೇ ತಿಂಗಳಲ್ಲಿ ಇಲ್ಲಿನ ಉಷ್ಣಾಂಶ 45 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಹೊಸ ಸುದ್ದಿಯಲ್ಲ. ಇದೇ ನಗರದ ವಿಮಾನ ನಿಲ್ದಾಣಕ್ಕೆ ಹೊಂದಿಕೊಂಡಿರುವ ಮಿಹಾನ್ ಪ್ರದೇಶದಲ್ಲಿ ವಿಮಾನ ನಿರ್ವಹಣಾ ಕೇಂದ್ರವಿದೆ, ಬೋಯಿಂಗ್ 787 ವಿಮಾನದ ನೆಲಹಾಸಿನ ತೊಲೆಗಳನ್ನು ತಯಾರಿಸುವ ಟಾಟಾ ಘಟಕವಿದೆ, 2025ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಪತಂಜಲಿ ಫುಡ್ ಪಾರ್ಕ್ ಇದೆ. ಈ ಫುಡ್ ಪಾರ್ಕ್‌ನಲ್ಲಿ ದಿನಕ್ಕೆ 800 ಟನ್ ಕಿತ್ತಳೆ ಸಂಸ್ಕರಿಸಬಹುದು ಎಂದು ಕಂಪನಿ ಹೇಳಿಕೊಂಡಿದೆ.

ಇಂಥ ಯಾವುದೇ ಸಂಸ್ಕರಣಾ ಘಟಕದೊಳಗೆ ಹೋದರೂ ಹಣ್ಣು ಸಾಗಿಸುವ ಬೆಲ್ಟ್, ರಸ ಕಲಕುವ ಟ್ಯಾಂಕ್, ಸಿಪ್ಪೆ ಹೊರಹಾಕುವ ಸ್ಕ್ರೂ ಎಲ್ಲದರ ಪಕ್ಕದಲ್ಲೂ ಮೋಟಾರಿಗೆ ಅಂಟಿಕೊಂಡ ಒಂದು ಕಬ್ಬಿಣದ ಪೆಟ್ಟಿಗೆ ಕಾಣುತ್ತದೆ. ಅದೇ ಗೇರ್‌ಬಾಕ್ಸ್, ಅಥವಾ ಸ್ಪೀಡ್ ರಿಡ್ಯೂಸರ್. ಇಡೀ ಘಟಕದ ವೆಚ್ಚದಲ್ಲಿ ಅದರ ಪಾಲು ಚಿಕ್ಕದು. ಆದರೆ ಅದು ನಿಂತರೆ ಬೆಲ್ಟ್ ನಿಲ್ಲುತ್ತದೆ, ಹೊರಗೆ ಲಾರಿಗಳಲ್ಲಿ ಹಣ್ಣು ಕೊಳೆಯುತ್ತದೆ. ಹಾಗಿದ್ದರೆ ಈ ಪೆಟ್ಟಿಗೆ ಮಾಡುವ ಕೆಲಸವೇನು? ಅದನ್ನು ಆರಿಸುವುದು ಹೇಗೆ? ಇಲ್ಲಿದೆ ವಿವರ.

ಗೇರ್‌ಬಾಕ್ಸ್ ಏಕೆ ಬೇಕು?

ಕಾರ್ಖಾನೆಗಳಲ್ಲಿ ಹೆಚ್ಚಾಗಿ ಬಳಸುವ ನಾಲ್ಕು ಪೋಲ್‌ನ ಇಂಡಕ್ಷನ್ ಮೋಟಾರ್ ನಿಮಿಷಕ್ಕೆ ಸುಮಾರು 1,440 ಸುತ್ತು ತಿರುಗುತ್ತದೆ. ಆದರೆ ಯಂತ್ರಗಳಿಗೆ ಇಷ್ಟು ವೇಗ ಬೇಕಿಲ್ಲ. ಬೆಲ್ಟ್‌ನ ಡ್ರಮ್‌ಗೆ 50 ಸುತ್ತು ಸಾಕು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ರೋಲರ್‌ಗಳು ನಿಮಿಷಕ್ಕೆ ತಿರುಗುವುದು ನಾಲ್ಕೈದು ಸುತ್ತು ಮಾತ್ರ. ಅವುಗಳಿಗೆ ಬೇಕಾಗಿರುವುದು ವೇಗವಲ್ಲ, ಬಲ.

ಚಾರ್ಮಾಡಿ ಘಾಟ್ ಹತ್ತುವಾಗ ಚಾಲಕ ಕೆಳಗಿನ ಗೇರ್‌ಗೆ ಇಳಿಸುವುದನ್ನು ನೆನಪಿಸಿಕೊಳ್ಳಿ. ವೇಗ ಕಡಿಮೆಯಾಗುತ್ತದೆ, ಎಳೆಯುವ ಶಕ್ತಿ ಹೆಚ್ಚುತ್ತದೆ. ಕಾರ್ಖಾನೆಯ ಗೇರ್‌ಬಾಕ್ಸ್ ಮಾಡುವುದೂ ಇದನ್ನೇ. ವ್ಯತ್ಯಾಸವೆಂದರೆ ಇಲ್ಲಿ ಸಾಮಾನ್ಯವಾಗಿ ಒಂದೇ ಗೇರ್ ಇರುತ್ತದೆ, ಅದೂ ದಿನವಿಡೀ.

20 ಹಲ್ಲಿನ ಸಣ್ಣ ಚಕ್ರವು 100 ಹಲ್ಲಿನ ದೊಡ್ಡ ಚಕ್ರವನ್ನು ತಿರುಗಿಸಿದರೆ, ಸಣ್ಣದು ಐದು ಸುತ್ತು ಬಂದಾಗ ದೊಡ್ಡದು ಒಂದು ಸುತ್ತು ಬರುತ್ತದೆ. ವೇಗ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ, ತಿರುಗಿಸುವ ಬಲ ಅಂದರೆ ಟಾರ್ಕ್ ಸುಮಾರು ಐದು ಪಟ್ಟಾಗುತ್ತದೆ. ಗೇರ್‌ಬಾಕ್ಸ್ ಹೊಸದಾಗಿ ಶಕ್ತಿ ಹುಟ್ಟಿಸುವುದಿಲ್ಲ. ವೇಗವನ್ನು ಕೊಟ್ಟು ಬಲವನ್ನು ಪಡೆಯುತ್ತದೆ, ಮಧ್ಯದಲ್ಲಿ ಒಂದಿಷ್ಟು ಶಾಖವಾಗಿ ಕಳೆದುಕೊಳ್ಳುತ್ತದೆ.

ಒಂದು ಬೆಲ್ಟ್‌ನ ಲೆಕ್ಕ

ಉದಾಹರಣೆಗೆ ಒಂದು ಬೆಲ್ಟ್ ಕನ್ವೇಯರ್ ತೆಗೆದುಕೊಳ್ಳೋಣ. ಇದು ಯಾವುದೇ ನಿರ್ದಿಷ್ಟ ಘಟಕದ ಲೆಕ್ಕವಲ್ಲ. ಡ್ರಮ್‌ನ ವ್ಯಾಸ 300 ಮಿಲಿಮೀಟರ್, ಬೆಲ್ಟ್ ನಿಮಿಷಕ್ಕೆ 45 ಮೀಟರ್ ಸಾಗಬೇಕು. ಡ್ರಮ್ ಒಂದು ಸುತ್ತು ಬಂದರೆ ಬೆಲ್ಟ್ ಸುಮಾರು 0.94 ಮೀಟರ್ ಮುಂದೆ ಹೋಗುತ್ತದೆ. ಹಾಗಾಗಿ ಡ್ರಮ್ ನಿಮಿಷಕ್ಕೆ 48 ಸುತ್ತು ತಿರುಗಬೇಕು. ಮೋಟಾರ್‌ನ 1,440 ಅನ್ನು 48ರಿಂದ ಭಾಗಿಸಿದರೆ 30. ಅಂದರೆ 30:1 ಅನುಪಾತದ ಗೇರ್‌ಬಾಕ್ಸ್ ಬೇಕು.

ಇನ್ನು ಬಲ. ಕಿಲೋವ್ಯಾಟ್ ಅನ್ನು 9,550ರಿಂದ ಗುಣಿಸಿ ಸುತ್ತಿನ ವೇಗದಿಂದ ಭಾಗಿಸಿದರೆ ಟಾರ್ಕ್ ಸಿಗುತ್ತದೆ. ಡ್ರಮ್‌ಗೆ 2.7 ಕಿಲೋವ್ಯಾಟ್ ಬೇಕೆಂದಾದರೆ ಟಾರ್ಕ್ ಸುಮಾರು 540 ನ್ಯೂಟನ್ ಮೀಟರ್. ಇದಕ್ಕೆ 5 ಎಚ್‌ಪಿ ಮೋಟಾರ್ ಸಾಕು. ಹಾಗಾದರೆ 600 ನ್ಯೂಟನ್ ಮೀಟರ್‌ನ ಗೇರ್‌ಬಾಕ್ಸ್ ಕೊಂಡರೆ ಆಯಿತಲ್ಲ? ಎಡವುವುದು ಇಲ್ಲೇ.

ಸರ್ವಿಸ್ ಫ್ಯಾಕ್ಟರ್ ಎಂದರೇನು?

ದಿನಕ್ಕೆ ಎಂಟು ಗಂಟೆ ಒಂದೇ ಸಮನೆ ತಿರುಗುವ ಫ್ಯಾನ್ ಬೇರೆ, ಹಗಲು ರಾತ್ರಿ ಓಡುತ್ತಾ ಆಗಾಗ ಏಟು ತಿನ್ನುವ ಕ್ರಷರ್ ಬೇರೆ. ಎರಡಕ್ಕೂ ಎಚ್‌ಪಿ ಒಂದೇ ಇರಬಹುದು, ಆದರೆ ಗೇರ್ ಹಲ್ಲಿನ ಮೇಲೆ ಬೀಳುವ ಪೆಟ್ಟು ಒಂದೇ ಅಲ್ಲ. ಭಾರ ತುಂಬಿದ ಬೆಲ್ಟ್ ಅನ್ನು ನೇರವಾಗಿ ಆನ್ ಮಾಡಿದಾಗಲೂ ಕೆಲ ಕ್ಷಣ ಮೋಟಾರ್ ತನ್ನ ಸಾಮಾನ್ಯ ಟಾರ್ಕ್‌ಗಿಂತ ಎರಡು ಪಟ್ಟಿನಷ್ಟು ಟಾರ್ಕ್ ಅನ್ನು ಹಲ್ಲುಗಳ ಮೇಲೆ ಹಾಕಬಹುದು.

ಇದಕ್ಕಾಗಿಯೇ ಸರ್ವಿಸ್ ಫ್ಯಾಕ್ಟರ್ ಎಂಬ ಗುಣಕವಿದೆ. ಸಮನಾದ ಭಾರ, ದಿನಕ್ಕೆ ಎಂಟು ಹತ್ತು ಗಂಟೆ ಕೆಲಸವಿದ್ದರೆ ಅದು ಸುಮಾರು 1. ಮಧ್ಯಮ ಏಟು, 24 ಗಂಟೆ ಕೆಲಸವಿದ್ದರೆ ಸುಮಾರು 1.5. ಕ್ರಷರ್‌ನಂಥ ಒರಟು ಯಂತ್ರಗಳಿಗೆ 1.75ರಿಂದ 2 ಅಥವಾ ಅದಕ್ಕೂ ಹೆಚ್ಚು. ನಮ್ಮ ಬೆಲ್ಟ್ ಹಗಲು ರಾತ್ರಿ ಓಡುವುದಾದರೆ 540 ಅನ್ನು 1.5ರಿಂದ ಗುಣಿಸಬೇಕು. ಆಗ 810 ನ್ಯೂಟನ್ ಮೀಟರ್ ತಾಳುವ ಗೇರ್‌ಬಾಕ್ಸ್ ಬೇಕು. 600ರದ್ದು ಹಾಕಿದರೂ ಮೊದಲ ದಿನ ಓಡುತ್ತದೆ. ಹಲ್ಲಿನ ಮೇಲೆ ಗುಳಿ ಬೀಳುವುದು, ಬೇರಿಂಗ್ ಸದ್ದು ಮಾಡುವುದು ಕೆಲ ತಿಂಗಳ ನಂತರ.

ಯಾವ ಬಗೆ, ಎಲ್ಲಿಗೆ?

* ಹೆಲಿಕಲ್: ಓರೆಯಾಗಿ ಕತ್ತರಿಸಿದ ಹಲ್ಲುಗಳು. ಸದ್ದು ಕಡಿಮೆ. ಎರಡು ಮೂರು ಹಂತಗಳಿದ್ದರೂ ದಕ್ಷತೆ ಶೇ. 95ರ ಆಸುಪಾಸು.
* ಬೆವೆಲ್ ಹೆಲಿಕಲ್: ಮೋಟಾರ್ ಮತ್ತು ಯಂತ್ರದ ಶಾಫ್ಟ್ 90 ಡಿಗ್ರಿ ಕೋನದಲ್ಲಿರಬೇಕಾದ ಕಡೆ, ಮುಖ್ಯವಾಗಿ ದೊಡ್ಡ ಕನ್ವೇಯರ್‌ಗಳಿಗೆ.
* ವರ್ಮ್: ಸ್ಕ್ರೂ ಆಕಾರದ ಉಕ್ಕಿನ ಶಾಫ್ಟ್ ಕಂಚಿನ ಚಕ್ರವನ್ನು ತಿರುಗಿಸುತ್ತದೆ. ಚಿಕ್ಕದು, ಅಗ್ಗ, ಸದ್ದಿಲ್ಲ. ಆದರೆ ಹಲ್ಲುಗಳು ಉಜ್ಜಿಕೊಂಡು ಜಾರುವುದರಿಂದ ಅನುಪಾತ ಹೆಚ್ಚಿದಷ್ಟೂ ದಕ್ಷತೆ ಕುಸಿಯುತ್ತದೆ.
* ಪ್ಲಾನೆಟರಿ: ಮಧ್ಯದ ಗೇರ್ ಸುತ್ತ ಹಲವು ಗೇರ್‌ಗಳು ಭಾರ ಹಂಚಿಕೊಳ್ಳುತ್ತವೆ. ಚಿಕ್ಕ ಜಾಗದಲ್ಲಿ ಭಾರಿ ಟಾರ್ಕ್. ಸಕ್ಕರೆ ಕಾರ್ಖಾನೆಗಳ ಮಿಲ್‌ಗಳಲ್ಲಿ ಈಗ ಇದರ ಬಳಕೆ ಹೆಚ್ಚಿದೆ. ಏರ್‌ಬಸ್ ಎ320 ನಿಯೋ ವಿಮಾನಗಳಲ್ಲಿ ಬಳಸುವ ಪ್ರಾಟ್ ಆ್ಯಂಡ್ ವಿಟ್ನಿ ಎಂಜಿನ್‌ನಲ್ಲೂ ಇದೇ ಮಾದರಿಯ ಗೇರ್ ಮುಂದಿನ ಫ್ಯಾನ್‌ನ ವೇಗವನ್ನು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಸುತ್ತದೆ.

ಅಗ್ಗದ ಪೆಟ್ಟಿಗೆ, ದುಬಾರಿ ಬಿಲ್

ಮತ್ತೆ ನಮ್ಮ ಬೆಲ್ಟ್‌ಗೆ ಬರೋಣ. ಡ್ರಮ್‌ಗೆ 2.7 ಕಿಲೋವ್ಯಾಟ್ ತಲುಪಿಸಲು ಶೇ. 95 ದಕ್ಷತೆಯ ಹೆಲಿಕಲ್ ಗೇರ್‌ಬಾಕ್ಸ್‌ಗೆ 2.84 ಕಿಲೋವ್ಯಾಟ್ ಸಾಕು. ಶೇ. 75 ದಕ್ಷತೆಯ ವರ್ಮ್ ಗೇರ್‌ಬಾಕ್ಸ್‌ಗೆ 3.6 ಕಿಲೋವ್ಯಾಟ್ ಬೇಕು. ದಿನಕ್ಕೆ 16 ಗಂಟೆಯಂತೆ ವರ್ಷಕ್ಕೆ 300 ದಿನ ಓಡಿಸಿದರೆ ವ್ಯತ್ಯಾಸ ಸುಮಾರು 3,600 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಎಂದು ಹಿಡಿದರೂ ಒಂದೇ ಬೆಲ್ಟ್‌ಗೆ ವರ್ಷಕ್ಕೆ 29 ಸಾವಿರ ರೂಪಾಯಿ. ಇಂಥ ಹತ್ತು ಬೆಲ್ಟ್‌ಗಳಿರುವ ಸಣ್ಣ ಉದ್ಯಮಕ್ಕೆ ಇದು ದೊಡ್ಡ ಮೊತ್ತ. ಹಾಗೆಂದು ವರ್ಮ್ ಬೇಡವೇ ಬೇಡ ಎಂದಲ್ಲ. ದಿನಕ್ಕೆ ಅರ್ಧ ಗಂಟೆ ಓಡುವ ಯಂತ್ರಕ್ಕೆ ಅದೇ ಸರಿ.

45 ಡಿಗ್ರಿಯಲ್ಲಿ ಏನಾಗುತ್ತದೆ?

ವರ್ಮ್ ಗೇರ್‌ಬಾಕ್ಸ್ ಕಳೆದುಕೊಂಡ 0.9 ಕಿಲೋವ್ಯಾಟ್ ಎಲ್ಲಿಗೆ ಹೋಯಿತು? ಶಾಖವಾಗಿ ಆಯಿಲ್‌ಗೆ ಹೋಯಿತು. ಒಂದು ಇಸ್ತ್ರಿ ಪೆಟ್ಟಿಗೆಯನ್ನು ಗೇರ್‌ಬಾಕ್ಸ್ ಒಳಗೆ ಸದಾ ಆನ್ ಮಾಡಿ ಇಟ್ಟಂತೆ. ಈ ಶಾಖ ಹೊರಗಿನ ಗಾಳಿಗೆ ಹೋಗಬೇಕು.

ಕ್ಯಾಟಲಾಗ್‌ನಲ್ಲಿರುವ ಶಾಖ ತಾಳುವ ಮಿತಿಯನ್ನು ಸಾಮಾನ್ಯವಾಗಿ 20 ಡಿಗ್ರಿ ಹೊರ ಉಷ್ಣಾಂಶಕ್ಕೆ ಲೆಕ್ಕ ಹಾಕಿರುತ್ತಾರೆ. ಆಯಿಲ್ 90 ಡಿಗ್ರಿ ದಾಟಬಾರದು ಎಂದುಕೊಂಡರೆ 20 ಡಿಗ್ರಿಯಲ್ಲಿ ಶಾಖ ಹೊರಹೋಗಲು 70 ಡಿಗ್ರಿಯ ಅಂತರವಿದೆ. ನಾಗ್ಪುರದ 45 ಡಿಗ್ರಿಯಲ್ಲಿ ಉಳಿಯುವುದು 45 ಡಿಗ್ರಿಯ ಅಂತರ ಮಾತ್ರ. ಅಂದರೆ ಅದೇ ಪೆಟ್ಟಿಗೆ ಹೊರಹಾಕಬಲ್ಲ ಶಾಖ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. ಇದು ಕಲಬುರಗಿ, ರಾಯಚೂರಿನ ಕಾರ್ಖಾನೆಗಳಿಗೂ ಅನ್ವಯ. ಬೆಂಗಳೂರಿನಲ್ಲಿ ತೊಂದರೆಯಿಲ್ಲದೆ ಓಡಿದ ಗೇರ್‌ಬಾಕ್ಸ್ ಸೇಡಂನಲ್ಲಿ ಬಿಸಿಯಾಗಿ ಸೀಲ್ ಸೋರಬಹುದು.

ಖನಿಜ ತೈಲದ ಉಷ್ಣಾಂಶ 10 ಡಿಗ್ರಿ ಏರಿದಂತೆಲ್ಲ ಅದರ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರ್‌ಗಳ ಅಂದಾಜು. ಪರಿಹಾರಗಳೆಂದರೆ ಒಂದು ಗಾತ್ರ ದೊಡ್ಡ ಗೇರ್‌ಬಾಕ್ಸ್, ಕೂಲಿಂಗ್ ಫ್ಯಾನ್, ಸಿಂಥೆಟಿಕ್ ಆಯಿಲ್ ಅಥವಾ ನೆರಳು. ಪೆಟ್ಟಿಗೆಯ ಮೇಲೆ ಕೂತ ಧೂಳು, ಹಿಟ್ಟನ್ನು ಒರೆಸುವುದೂ ಪರಿಹಾರವೇ. ಅದು ಶಾಖ ಹೊರಹೋಗದಂತೆ ಕಂಬಳಿಯ ಹಾಗೆ ಹೊದ್ದಿರುತ್ತದೆ.

ವಿಎಫ್‌ಡಿ ಇದ್ದರೆ ಗೇರ್‌ಬಾಕ್ಸ್ ಬೇಡವೇ?

ಇದು ಹಲವರ ಪ್ರಶ್ನೆ. ವಿಎಫ್‌ಡಿ ವಿದ್ಯುತ್‌ನ ಆವರ್ತನ ಬದಲಿಸಿ ಮೋಟಾರ್ ವೇಗ ಇಳಿಸುತ್ತದೆ, ಆದರೆ ಟಾರ್ಕ್ ಹೆಚ್ಚಿಸುವುದಿಲ್ಲ. ಮೋಟಾರ್ ನಿಧಾನವಾದಾಗ ಅದರ ಹಿಂದಿರುವ ಫ್ಯಾನ್ ಕೂಡ ನಿಧಾನವಾಗಿ ಮೋಟಾರೇ ಬಿಸಿಯಾಗುತ್ತದೆ. ವೇಗವನ್ನು ಹೊಂದಿಸಿಕೊಳ್ಳಲು ವಿಎಫ್‌ಡಿ, ಬಲಕ್ಕೆ ಗೇರ್‌ಬಾಕ್ಸ್. ಒಂದರ ಬದಲು ಇನ್ನೊಂದಲ್ಲ.

ಗೇರ್‌ಬಾಕ್ಸ್ ಸರಿಯಿದ್ದರೆ ಸಾಕೇ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಗಿದ್ದು ಚೈನ್ ತುಂಡಾಗಿ. ಮೋಟಾರ್, ಗೇರ್‌ಬಾಕ್ಸ್, ಚೈನ್, ಬ್ರೇಕ್ ಎಲ್ಲವೂ ಒಂದೇ ಸಾಲಿನಲ್ಲಿ ಭಾರ ಹೊರುತ್ತವೆ. ಯಾವುದು ದುರ್ಬಲವೋ ಅದು ಮೊದಲು ಕೈಕೊಡುತ್ತದೆ. ವರ್ಮ್ ಗೇರ್ ಹಿಮ್ಮುಖವಾಗಿ ತಿರುಗುವುದಿಲ್ಲ ಎಂಬ ನಂಬಿಕೆಯಲ್ಲಿ ಭಾರ ಎತ್ತುವ ಯಂತ್ರಗಳಿಗೆ ಬ್ರೇಕ್ ಹಾಕದಿರುವುದು ಅಪಾಯಕಾರಿ. ಅದುರಾಟಕ್ಕೆ, ಸವೆತಕ್ಕೆ ಅದು ಜಾರಬಹುದು.

ಕೊಳ್ಳುವ ಮುನ್ನ ಈ ಪ್ರಶ್ನೆ ಕೇಳಿ

* ಯಂತ್ರಕ್ಕೆ ಬೇಕಾದ ಟಾರ್ಕ್ ಎಷ್ಟು, ಸುತ್ತು ಎಷ್ಟು?
* ದಿನಕ್ಕೆ ಎಷ್ಟು ಗಂಟೆ ಕೆಲಸ? ಗಂಟೆಗೆ ಎಷ್ಟು ಬಾರಿ ಆನ್, ಆಫ್?
* ಭಾರ ಸಮನಾಗಿದೆಯೇ, ಏಟು ಬೀಳುತ್ತದೆಯೇ?
* ಬೇಸಿಗೆಯಲ್ಲಿ ಆ ಜಾಗದ ಉಷ್ಣಾಂಶ ಎಷ್ಟು? ಗಾಳಿ ಆಡುತ್ತದೆಯೇ?
* ಶಾಫ್ಟ್ ಮೇಲೆ ಚೈನ್ ಅಥವಾ ಬೆಲ್ಟ್ ಎಳೆತವಿದೆಯೇ?
* ಯಾವ ದರ್ಜೆಯ ಆಯಿಲ್? ಮೊದಲ ಬದಲಾವಣೆ ಯಾವಾಗ?

ಹಳೆಯ ಗೇರ್‌ಬಾಕ್ಸ್ ಕೆಟ್ಟಾಗ ಅದರ ಪ್ಲೇಟ್‌ನಲ್ಲಿರುವ ಎಚ್‌ಪಿ ಮತ್ತು ಅನುಪಾತ ಓದಿ ಅದೇ ಥರದ್ದು ತರಿಸುವುದು ಸುಲಭ. ಆದರೆ ಅದು ಏಕೆ ಕೆಟ್ಟಿತು ಎಂದು ನೋಡದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಮೇಲಿನ ಆರು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡು ಮಾರಾಟಗಾರರ ಬಳಿ ಹೋದರೆ, ಹಂಗಾಮಿನ ನಡುವೆ ಯಂತ್ರ ನಿಲ್ಲುವ ಸಾಧ್ಯತೆ ಬಹಳ ಮಟ್ಟಿಗೆ ತಗ್ಗುತ್ತದೆ.