ಹೆಸರು ಕಲಬುರ್ಗಿಯದು, ಆಟ ಪರಸ್ಥಳದ್ದು

೨೦೨೫ನೆಯ ಇಸವಿಯ ಜನವರಿ ೧೮ರಂದು ನಮ್ಮ ವಡೋದರೆಯ ಕೊಟಂಬಿ ಕ್ರೀಡಾಂಗಣದಲ್ಲಿ ಕರ್ನಾಟಕ ತಂಡವು ವಿದರ್ಭವನ್ನು ೩೬ ರನ್ನುಗಳಿಂದ ಸೋಲಿಸಿ ವಿಜಯ್ ಹಜಾರೆ ಪಾರಿತೋಷಕವನ್ನು ಗೆದ್ದುದು ಓದುಗರಿಗೆ ನೆನಪಿರಬಹುದು. ಅದಕ್ಕೆ ಒಂದು ವಾರ ಮುಂಚೆ ಇದೇ ಊರಿನಲ್ಲಿ ಬರೋಡಾ ತಂಡವನ್ನು ಕೇವಲ ೫ ರನ್ನುಗಳಿಂದ ಮಣಿಸಿದಾಗ ನಮಗಾದ ಸಂತೋಷವನ್ನು ಗಿರಾಕಿಗಳೆದುರು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಅನ್ನ ಕೊಡುವ ಊರಿನ ತಂಡವದು. ಅಂತಿಮ ಪಂದ್ಯದ ದಿನ ಮಾತ್ರ ಅಂತಹ ಸಂಕೋಚವಿರಲಿಲ್ಲ.

ಅಂದು ೧೦೧ ರನ್ನು ಹೊಡೆದ ತರುಣ ದಾಂಡಿಗ ಸ್ಮರಣ್ ರವಿಚಂದ್ರನ್. ಮಕರಪುರದ ನಮ್ಮ ಹಳೆಯ ಹೋಟೆಲಿನಲ್ಲಿ ಆಳಂದದ ಕಡೆಯ ಒಬ್ಬ ಕ್ಲೀನರ್ ಹುಡುಗನಿದ್ದಾನೆ. ಅವನು ಕೈ ಒರೆಸಿಕೊಳ್ಳುತ್ತಾ ಬಂದು, "ಸಾವ್ಕಾರ್ರ, ಇಂವ ನಮ್ಮ ಗುಲ್ಬರ್ಗಾ ಟೀಮಿನಾಂವ ಹೌದಲ್ರಿ? ಮತ್ತ ಗುಲ್ಬರ್ಗಾದಾಗ ಒಂದರ ಮ್ಯಾಚ್ ಆಡ್ಯಾರೇನ್ರಿ?" ಎಂದು ಕೇಳಿದನು. ಆಡಿಲ್ಲವೆಂದು ಹೇಳಬೇಕಾಯಿತು.

ಸಂಗತಿ ಹೀಗಿದೆ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯು ಪ್ರಾಂತಗಳ ಹೆಸರಿನ ತಂಡಗಳನ್ನು ಕಟ್ಟಿ ೨೦೦೯ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗನ್ನು ಆರಂಭಿಸಿತು. ಎರಡು ವರ್ಷ ನಡೆದು ನಿಂತಿತು. ೨೦೧೪ರಲ್ಲಿ ಪುನಃ ಆರಂಭವಾಗಿ ೨೦೧೯ರ ಬಳಿಕ ಮುಚ್ಚಿಹೋಯಿತು. ಆ ವರ್ಷ ಪಂದ್ಯಗಳನ್ನು ಹಣಕ್ಕಾಗಿ ಮೊದಲೇ ಗೊತ್ತುಮಾಡಿಕೊಂಡ ಆಪಾದನೆಯ ಮೇಲೆ ಒಂದು ತಂಡದ ಮಾಲೀಕರೂ ಕೆಲವು ಆಟಗಾರರೂ ಬಂಧಿತರಾದರು. ೨೦೨೨ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು, ಇಂತಹ ಕೃತ್ಯವು ದಂಡಸಂಹಿತೆಯ ವಂಚನೆಯ ಕಲಮಿನಡಿ ಬಾರದೆಂದೂ ಶಿಸ್ತಿನ ಕ್ರಮವು ಕ್ರಿಕೆಟ್ ಮಂಡಳಿಯ ಕೆಲಸವೆಂದೂ ಹೇಳಿ ಮೊಕದ್ದಮೆಯನ್ನು ರದ್ದುಪಡಿಸಿತು. ಕಾನೂನಿನ ಮಾತು ಅದು. ಪ್ರೇಕ್ಷಕನ ಮನಸ್ಸಿನಲ್ಲಿ ಹೊಕ್ಕ ಸಂಶಯವು ತೀರ್ಪಿನಿಂದ ಹೋಗುವಂತಹುದಲ್ಲ.

ಅದೇ ೨೦೨೨ರ ಆಗಸ್ಟಿನಲ್ಲಿ ಮಹಾರಾಜ ಟ್ರೋಫಿ ಎಂಬ ಹೆಸರಿನಲ್ಲಿ ಹೊಸ ಪಂದ್ಯಾವಳಿ ಬಂದಿತು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಗುಲ್ಬರ್ಗಾ ಎಂದು ಆರು ತಂಡಗಳು. ಮೊದಲ ವರ್ಷವೇ ಗುಲ್ಬರ್ಗಾ ಮಿಸ್ಟಿಕ್ಸ್ ತಂಡವು ಬೆಂಗಳೂರನ್ನು ಬೆಂಗಳೂರಿನಲ್ಲಿಯೇ ಸೋಲಿಸಿ ಪಾರಿತೋಷಕ ಪಡೆಯಿತು. ಆದರೆ ೨೦೨೨ರಿಂದ ೨೦೨೫ರವರೆಗಿನ ನಾಲ್ಕು ಪಂದ್ಯಾವಳಿಗಳೂ ಬೆಂಗಳೂರು, ಮೈಸೂರುಗಳನ್ನು ಬಿಟ್ಟು ಆಚೆ ಹೋಗಲಿಲ್ಲ. ೨೦೨೫ರ ಜೂನ್ ೪ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ ೧೧ ಜನ ಪ್ರಾಣ ಕಳೆದುಕೊಂಡ ಮೇಲೆ ಪಂದ್ಯಾವಳಿಗೆ ಬೇರೆ ಮೈದಾನ ಹುಡುಕಬೇಕಾಯಿತು. ಆಗಲೂ ಹೋದದ್ದು ಮೈಸೂರಿಗೇ.

ಹೋಟೆಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೋರ್ಡಿನ ಮೇಲೆ 'ಉಡುಪಿ' ಎಂದು ಬರೆಯಿಸಿ, ಒಳಗೆ ಸಾರಿನ ಹದ ಬಲ್ಲವನೊಬ್ಬನನ್ನೂ ಇಡದ ಅಂಗಡಿಗಳನ್ನು ನಾವೇ ಎಷ್ಟು ಕಂಡಿಲ್ಲ! ಮೊದಲ ದಿನ ಗಿರಾಕಿ ಬರುತ್ತಾನೆ; ನಾಲ್ಕನೆಯ ದಿನ ಬರುವುದಿಲ್ಲ.

ದೂರದ ವೇಲ್ಸ್ ದೇಶದಲ್ಲಿಯೂ ಇದೇ ವ್ಯಥೆ. ಅಲ್ಲಿಯ ಜನರ ಪ್ರಾಣವೆಂದರೆ ರಗ್ಬಿ ಎಂಬ ಚೆಂಡಾಟ. ಕಲ್ಲಿದ್ದಲು ಗಣಿಯ ಒಂದೊಂದು ಊರಿಗೂ ತನ್ನದೇ ತಂಡವಿತ್ತು. ೨೦೦೩ರಲ್ಲಿ ಖರ್ಚು ತೂಗದೆಂದು ಊರುಗಳನ್ನು ಜೋಡಿಸಿ ಐದು ಪ್ರಾಂತೀಯ ತಂಡಗಳನ್ನು ಮಾಡಿದರು. ಅವುಗಳಲ್ಲಿ ಒಂದು ಮರುವರ್ಷವೇ ಮುಳುಗಿತು. ಅದರಡಿ ಸೇರಿದ್ದ ಪಾಂಟಿಪ್ರಿದ್ ಊರಿನವರು ಅಗ್ರಶ್ರೇಣಿಯ ಆಟದಿಂದಲೇ ಹೊರಗುಳಿದರು. ೨೦೨೫ರ ಏಪ್ರಿಲಿನಲ್ಲಿ ಕಾರ್ಡಿಫ್ ತಂಡವು ಸಾಲದಲ್ಲಿ ಸಿಕ್ಕಿ ರಗ್ಬಿ ಸಂಘದ ವಶಕ್ಕೆ ಬಂದಿತು. ಉಳಿದ ನಾಲ್ಕನ್ನು ಮೂರಕ್ಕೆ ಇಳಿಸುವುದಾಗಿ ಅದೇ ವರ್ಷದ ಅಕ್ಟೋಬರಿನಲ್ಲಿ ಸಂಘ ಪ್ರಕಟಿಸಿತು. ನಕ್ಷೆಯ ಮೇಲೆ ಗೆರೆ ಎಳೆದು ತಂಡ ಮಾಡಬಹುದು. ಅಭಿಮಾನ ಆ ಗೆರೆಯನ್ನು ಅನುಸರಿಸುವುದಿಲ್ಲವೆಂಬುದು ಅಲ್ಲಿ ಕಂಡುಬಂದಿತು.

ನಾವಿರುವ ಗುಜರಾತಿನಲ್ಲಿ ಇದಕ್ಕೆ ತದ್ವಿರುದ್ಧವಾದ ದೃಷ್ಟಾಂತವಿದೆ. ಒಂದೇ ರಾಜ್ಯದಿಂದ ಗುಜರಾತ್, ಬರೋಡಾ, ಸೌರಾಷ್ಟ್ರ ಎಂದು ಮೂರು ರಣಜಿ ತಂಡಗಳು. ಮೂರೂ ಆ ಪಾರಿತೋಷಕವನ್ನು ಗೆದ್ದಿವೆ. ೨೦೧೯-೨೦ರ ಅಂತಿಮ ಪಂದ್ಯವನ್ನು ಸೌರಾಷ್ಟ್ರವು ತನ್ನ ರಾಜಕೋಟೆಯಲ್ಲಿಯೇ ಆಡಿತು. ವಿಜಯ್ ಹಜಾರೆಯವರಾದರೂ ಹುಟ್ಟಿದ್ದು ಸಾಂಗ್ಲಿಯಲ್ಲಿ. ಆದರೆ ೧೯೪೭ರಲ್ಲಿ ಹೋಳ್ಕರ್ ತಂಡದ ವಿರುದ್ಧ ಅವರೂ ಗುಲ್ ಮಹಮ್ಮದರೂ ಕೂಡಿ ೫೭೭ ರನ್ನು ಸೇರಿಸಿದ್ದು ಬರೋಡೆಯ ಮಣ್ಣಿನ ಮೇಲೆ, ಬರೋಡೆಯ ಜನರ ಕಣ್ಣೆದುರಿಗೆ. ಆದ್ದರಿಂದ ಬೆಂಗಳೂರಿನ ಹುಡುಗ ಗುಲ್ಬರ್ಗಾಕ್ಕೆ ಆಡಿದರೆ ತಪ್ಪೇನೂ ಇಲ್ಲ. ಗುಲ್ಬರ್ಗಾದವರಿಗೆ ಅವನು ಕಾಣಸಿಗಬೇಕು, ಅಷ್ಟೆ.

ಪರಿಹಾರವೇನು? ಪ್ರತಿಯೊಂದು ತಂಡವೂ ತನ್ನ ಪ್ರಾಂತದಲ್ಲಿ ಎರಡು ಪಂದ್ಯಗಳನ್ನಾದರೂ ಆಡಲಿ. ಹುಬ್ಬಳ್ಳಿಯ ರಾಜನಗರದಲ್ಲಿಯೂ ಶಿವಮೊಗ್ಗದ ನವುಲೆಯಲ್ಲಿಯೂ ಸಂಸ್ಥೆಯ ಮೈದಾನಗಳಿವೆ. ಹುಬ್ಬಳ್ಳಿಯಲ್ಲಿ ಹಿಂದಿನ ಲೀಗಿನ ಪಂದ್ಯಗಳೂ ನಡೆದಿದ್ದವು. ದೂರದರ್ಶನದ ಸಲಕರಣೆಗಳನ್ನು ಊರೂರಿಗೆ ಒಯ್ಯುವುದು ದುಬಾರಿಯೆಂದು ಆಕ್ಷೇಪಿಸುವವರುಂಟು. ದುಬಾರಿಯೇ ಸರಿ. ಆದರೆ ಹೊಸ ಊರಿನಲ್ಲಿ ಶಾಖೆ ತೆರೆದವನು ಮೊದಲ ವರ್ಷ ಕೈಯಿಂದ ಹಾಕಿಯೇ ನಡೆಸುತ್ತಾನೆ. ಎರಡನೆಯದಾಗಿ, ತಂಡದ ಪಾಲುಗಳಲ್ಲಿ ಒಂದಂಶ ಆಯಾ ಊರಿನ ವರ್ತಕರಿಗೂ ಕ್ರೀಡಾಸಂಘಗಳಿಗೂ ಸಿಗಲಿ. ಜಮಾಖರ್ಚನ್ನು ವರ್ಷವರ್ಷವೂ ಪ್ರಕಟಿಸಲಿ. ನೂರು ಕಣ್ಣುಗಳಿರುವ ಗಲ್ಲೆಯಲ್ಲಿ ಕೈಯಾಡಿಸುವುದು ಕಷ್ಟ.

ಕಲಬುರ್ಗಿಯ ವಿಷಯ ಬೇರೆ. ಅಲ್ಲಿ ಮೊದಲು ಒಂದು ಒಳ್ಳೆಯ ಮೈದಾನವೇ ಆಗಬೇಕು. ಆ ಹುಡುಗ ಸೋಮವಾರ ಮಧ್ಯಾಹ್ನ ಬಿಡುವಾದಾಗ ಹೋಟೆಲಿನ ಹಿಂದಿನ ಬಯಲಿನಲ್ಲಿ ಚೆಂಡು ಎಸೆಯುತ್ತಾನೆ. ಸಾಕಷ್ಟು ವೇಗವೂ ಇದೆ. ಊರಿನಲ್ಲಿ ಅವನ ತಮ್ಮ ಇನ್ನೂ ವೇಗವಾಗಿ ಎಸೆಯುತ್ತಾನಂತೆ. ಅವನಿಗೆ ಈಗ ಹದಿನಾಲ್ಕು ವರ್ಷ. ಮುಂದಿನ ವರ್ಷ ಅವನನ್ನೂ ಇಲ್ಲಿಗೇ ಕೆಲಸಕ್ಕೆ ಕರೆತರಲೇ ಎಂದು ಅಣ್ಣ ಕೇಳಿದ್ದಾನೆ. ನಾವು ಇನ್ನೂ ಉತ್ತರ ಹೇಳಿಲ್ಲ.