641ಕ್ಕೆ ಸಿಕ್ಕಿಬಿದ್ದ ಸಂಖ್ಯೆ

ಚದುರಂಗದ ಮೊದಲ ಮನೆಗೆ ಒಂದು ಅಕ್ಕಿಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಹೀಗೆ ಇಮ್ಮಡಿಯಾಗುತ್ತ ಹೋಗುವ ಕತೆಯನ್ನು ನೀವು ಕೇಳಿರುತ್ತೀರಿ. 33ನೆಯ ಮನೆಯಲ್ಲಿ ಬೀಳುವ ರಾಶಿ 2ರ 32ನೇ ಘಾತ. ಅದಕ್ಕೆ ಇನ್ನೊಂದೇ ಕಾಳು ಸೇರಿಸಿದರೆ 429 ಕೋಟಿ 49 ಲಕ್ಷ 67 ಸಾವಿರದ 297 ಕಾಳುಗಳಾಗುತ್ತವೆ. ಈ ಸಂಖ್ಯೆ ಅವಿಭಾಜ್ಯವೇ? ಅಂದರೆ, 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಯೇ?

ಫ್ರಾನ್ಸಿನ ಪಿಯರ್ ದ ಫರ್ಮಾ ಹೌದೆಂದು ನಂಬಿದ್ದ. 2ರ 1, 2, 4, 8, 16ನೇ ಘಾತಗಳಿಗೆ ಒಂದೊಂದು ಕೂಡಿಸಿದರೆ 3, 5, 17, 257, 65,537 ಬರುತ್ತವೆ. ಐದೂ ಅವಿಭಾಜ್ಯಗಳೇ. ಸಾಲಿನಲ್ಲಿ ಮುಂದೆ ಬರುವುದೆಲ್ಲವೂ ಹಾಗೆಯೇ ಇರುತ್ತವೆಂದು 1640ರ ಸುಮಾರಿಗೆ ಆತ ಪತ್ರಗಳಲ್ಲಿ ಬರೆದ. ಆರನೆಯದೇ ನಮ್ಮ ಅಕ್ಕಿರಾಶಿ.

ಕುರುಡಾಗಿ ಪರೀಕ್ಷಿಸಹೊರಟರೆ 65,536ರ ಒಳಗಿನ 6,542 ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡಬೇಕಾದೀತು. ಆದರೆ 1732ರಲ್ಲಿ ಲಿಯೊನಾರ್ಡ್ ಆಯ್ಲರ್ ಇದು 641ರಿಂದ ಭಾಗವಾಗುತ್ತದೆಂದು ತೋರಿಸಿದ. ಮುಂದೆ ಆತನೇ ಸಾಧಿಸಿದ ನಿಯಮದಂತೆ, ಈ ಸಂಖ್ಯೆಯ ಭಾಜಕ ಯಾವುದೇ ಇರಲಿ, ಅದು 64ರ ಗುಣಕಕ್ಕೆ 1 ಕೂಡಿಸಿದ್ದಾಗಿರಲೇಬೇಕು. ಆ ಬಗೆಯ ಅವಿಭಾಜ್ಯಗಳು 193, 257, 449, 577, 641. ಐದನೆಯ ಪ್ರಯತ್ನಕ್ಕೇ ಬೀಗ ತೆರೆಯುತ್ತದೆ!

ಭಾಗಾಕಾರ ಮಾಡದೆಯೂ ಇದನ್ನು ಕಾಣಬಹುದು. 641ನ್ನು ಎರಡು ರೀತಿ ಬಿಡಿಸಿ ಬರೆಯಿರಿ: 5 × 128 + 1 ಮತ್ತು 625 + 16. 5 × 128 ಎಂಬುದು 641ಕ್ಕೆ ಒಂದು ಕಡಿಮೆ; ಹಾಗಾಗಿ 641ರಿಂದ ಭಾಗಿಸಿದಾಗ ಅದರ ಶೇಷವನ್ನು −1 ಎನ್ನಬಹುದು. ಅದರ 4ನೇ ಘಾತದ ಶೇಷ +1. 128 ಎಂದರೆ 2ರ 7ನೇ ಘಾತ. ಆದ್ದರಿಂದ ನಮ್ಮ ಕೈಯಲ್ಲಿರುವುದು 625 × 2ರ 28ನೇ ಘಾತ. ಎರಡನೆಯ ರೂಪದ ಪ್ರಕಾರ 625ರ ಜಾಗದಲ್ಲಿ −16 ಇಟ್ಟರೂ ಶೇಷ ಬದಲಾಗದು. 16 ಎಂದರೆ 2ರ 4ನೇ ಘಾತ. 28ಕ್ಕೆ 4 ಸೇರಿ 32. ಹೀಗೆ 2ರ 32ನೇ ಘಾತದ ಶೇಷ −1. ಒಂದು ಕಾಳು ಸೇರಿಸಿದೊಡನೆ ಶೇಷ ಸೊನ್ನೆ! ಭಾಗಲಬ್ಧ 67,00,417.

ಐದು ಉದಾಹರಣೆಗಳು ಫರ್ಮಾನಂಥ ಮೇಧಾವಿಯನ್ನೂ ದಾರಿ ತಪ್ಪಿಸಿದವು. ಗಣಿತದಲ್ಲಿ ಉದಾಹರಣೆ ಊಹೆಗೆ ಬೀಜವಾಗಬಲ್ಲದು. ಅದನ್ನು ಸತ್ಯವಾಗಿಸುವುದು ಸಾಧನೆ ಮಾತ್ರ. ಈ ಸಾಲಿನ 6ರಿಂದ 33ನೆಯವರೆಗಿನ ಎಲ್ಲವೂ ಸಂಯುಕ್ತ ಸಂಖ್ಯೆಗಳೆಂದು ಈಗ ಗೊತ್ತಾಗಿದೆ. 34ನೆಯದಕ್ಕೆ 258 ಕೋಟಿಗೂ ಹೆಚ್ಚು ಅಂಕಿಗಳಿವೆ. ಅದು ಅವಿಭಾಜ್ಯವೋ ಅಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ಅದಕ್ಕೊಂದು 641 ಸಿಗಬೇಕಾಗಿದೆ, ಇಲ್ಲವೇ ಅಂಥದ್ದು ಇಲ್ಲವೆಂದು ಸಾಧಿಸಬೇಕಾಗಿದೆ.